ಮಾವನ ಮಾತಿಗೆ ಕಾದ ಡಾಕ್ಟ್ರಮ್ಮ

ಕಳೆದ ವಾರ ಪುತ್ತೂರಿನಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಗೆ ಏಲಿಯಮ್ಮ ಬಂದಳು. ನೆಲ್ಯಾಡಿಯ ರಬ್ಬರ್ ತೋಟದವರ ಮಗಳು, ಈಗ ಮಂಗಳೂರಿನಲ್ಲಿ ನರ್ಸು. ಪಾಯಸದವನು ಹತ್ತಿರ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಅಕ್ಕ, ನಮ್ಮ ಡಾಕ್ಟ್ರಮ್ಮ ತೀರಿಹೋದರಂತೆ" ಎಂದಳು.

"ಎಲ್ಲಿ?"

"ಅವರ ಊರಲ್ಲೇ. ಮಳೆಗಾಲಕ್ಕೆ ಮುಂಚೆಯೇ ಅಂತೆ. ನಮಗೆ ಗೊತ್ತಾಗುವಾಗ ಇಷ್ಟು ದಿನ ಆಯ್ತು."

ಅವಳು ಬೇಗ ಎದ್ದು ಕೈ ತೊಳೆಯಲು ಹೋದಳು. ನಲ್ಲಿಯ ಕೆಳಗೆ ಬೆರಳ ಸಂದು, ಉಗುರ ಬುಡ, ಮಣಿಕಟ್ಟು ಎಂದು ಒಂದೊಂದನ್ನೇ ಉಜ್ಜಿ ತೊಳೆಯುತ್ತಿದ್ದಳು. ಹಿಂದೆ ನಿಂತವರು, "ಎಂತ ಮಾರಾಯ್ತಿ, ಕೈಯ ಚರ್ಮ ತೆಗೀಲಿಕ್ಕೆ ಉಂಟಾ?" ಎಂದು ಕುಶಾಲು ಮಾಡಿದರು. ಹಾಗೆ ತೊಳೆಯಲು ಅವಳಿಗೆ ಕಲಿಸಿದವರು ಯಾರೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪುತ್ತೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಎದುರಿಗೆ ಡಾಕ್ಟ್ರಮ್ಮ, ಬೆನ್ನ ಹಿಂದೆ ಕರಿ ಡಾಕ್ಟ್ರಮ್ಮ. ಅಮೆರಿಕದ ದಕ್ಷಿಣದ ಕಪ್ಪು ಜನರ ಪೈಕಿ. ಅಜ್ಜಿ ಗುಲಾಮಳಾಗಿಯೇ ಹುಟ್ಟಿದವಳಂತೆ. ಅವರ ಊರಿನಲ್ಲಿ ಕಪ್ಪು ಹೆಂಗಸರ ಪೈಕಿ ಡಾಕ್ಟರಾದವರು ಇವರೇ ಮೊದಲು. ಆದರೇನು, ಓದಿ ಮುಗಿಸಿ ಬಂದರೆ ಅದೇ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವರಿಗೆ ಕೆಲಸವಿಲ್ಲ. ಕಡೆಗೆ ಮಿಷನ್ನಿನವರು ಇಂಡಿಯಾಕ್ಕೆ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ ಹೂಂ ಎಂದು ಹಡಗು ಹತ್ತಿದರಂತೆ.

ಅವರು ಬಂದ ದಿನದ ಕತೆಯನ್ನು ಪುತ್ತೂರಿನ ಮಿಷನ್ ಆಸ್ಪತ್ರೆಯ ಕಂಪೌಂಡರು ಎಲ್ಲರಿಗೂ ಹೇಳುತ್ತಿದ್ದರು. ಹೊಸ ದೊರೆಸಾನಿ ಬರುತ್ತಾರೆಂದು ದಾಸವಾಳದ ಹಾರ ಹಿಡಿದುಕೊಂಡು ಇವರೆಲ್ಲ ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಮಂಗಳೂರಿನ ಬಸ್ಸು ಬಂತು, ಜನ ಇಳಿದರು, ಬಿಳಿ ಮುಖ ಒಂದೂ ಕಾಣಲಿಲ್ಲ. ಟ್ರಂಕಿನ ಪಕ್ಕದಲ್ಲಿ ಕಪ್ಪಗೆ, ಎತ್ತರಕ್ಕೆ ಒಬ್ಬ ಹೆಂಗಸು ನಿಂತಿದ್ದಳು. ಕಂಪೌಂಡರು ಅವಳ ಹತ್ತಿರ ಹೋಗಿ ಕನ್ನಡದಲ್ಲೇ, "ಅಮ್ಮ, ನಿಮ್ಮ ದೊರೆಸಾನಿ ಇದರಲ್ಲಿ ಬರಲಿಲ್ಲವಾ?" ಎಂದು ಕೇಳಿದರಂತೆ. ಆಕೆಗೆ ಮಾತು ಅರ್ಥವಾಗಲಿಲ್ಲ, ಆದರೆ ಕೇಳಿದ್ದೇನೆಂದು ಗೊತ್ತಾಯಿತು. ತಲೆ ಬಗ್ಗಿಸಿ ಹಾರಕ್ಕೆ ಕೊರಳು ಕೊಟ್ಟರು. "ಹಾರ ನಾನೇ ಹಾಕಿದೆ ನೋಡಿ" ಎಂದು ಕಂಪೌಂಡರು ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದರು.

ಮಕ್ಕಳಿಗೆ ಅವರ ಅಂಗೈ ನೋಡುವ ಹುಚ್ಚು. ಹೊರಗೆ ಕಪ್ಪು, ಒಳಗೆ ನಸುಗೆಂಪು. ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡುವುದು, ಅವರು ಕೈ ಕೊಟ್ಟು ನಿಲ್ಲುವುದು. ದೊಡ್ಡವರು ಮುಟ್ಟುತ್ತಿರಲಿಲ್ಲ, ಆದರೆ ನೋಡುತ್ತಿದ್ದರು. ಒಮ್ಮೆ ಆಸ್ಪತ್ರೆಯ ಜಗಲಿಯಲ್ಲಿ ಕೂತ ಮುದುಕಿಯೊಬ್ಬಳು, "ನನ್ನ ಗಂಡನಿಗಿಂತ ಕಪ್ಪೇನಲ್ಲ. ಅವನಿಗೆ ಯಾರೂ ಹಾರ ಹಾಕಲಿಲ್ಲ ಅಷ್ಟೆ" ಎಂದದ್ದನ್ನು ನಾನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಡಾಕ್ಟ್ರಮ್ಮ ನಕ್ಕರು. ಅವರು ನಗುವಾಗ ಬಾಯಿಗೆ ಕೈ ಹಿಡಿಯುತ್ತಿರಲಿಲ್ಲ. ನಮ್ಮಲ್ಲಿ ಹಾಗೆ ನಕ್ಕ ಹೆಂಗಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಇಂಗ್ಲಿಷಿಗೆ ಮಾಡಿ ಹೇಳುವುದೇ ನನ್ನ ಕೆಲಸ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿ, ಮದುವೆಯಾಗಿ ಪುತ್ತೂರಿಗೆ ಬಂದವಳು ನಾನು. ನಮ್ಮವರು ಕೋರ್ಟಿನಲ್ಲಿ ಗುಮಾಸ್ತರು. ಡಾಕ್ಟ್ರಮ್ಮನಿಗೆ ತುಳು, ಕನ್ನಡ ಹಿಡಿತಕ್ಕೆ ಸಿಕ್ಕಿರಲಿಲ್ಲ. ನೋವು ಎಲ್ಲಿ, ಯಾವಾಗಿನಿಂದ ಎಂದು ಕೇಳುವಷ್ಟು ಬರುತ್ತಿತ್ತು, ಉತ್ತರ ತಿಳಿಯುತ್ತಿರಲಿಲ್ಲ. ಇಂಗ್ಲಿಷ್ ಬರುವ ಹೆಂಗಸು ಬೇಕೆಂದು ಕಂಪೌಂಡರು ಮನೆಗೇ ಬಂದು ಕೇಳಿದಾಗ ನನ್ನ ಅತ್ತೆ, "ಹೋಗಲಿ. ಕಲಿತದ್ದು ಪೆಟ್ಟಿಗೆಯಲ್ಲಿಟ್ಟು ಎಂತ ಮಾಡುದು?" ಎಂದು ಒಪ್ಪಿದರು. ಅಡಿಗೆ ಮುಗಿಸಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬೇಕು, ಅಷ್ಟೇ ಷರತ್ತು.

ಡಾಕ್ಟ್ರಮ್ಮ ಬಿಳಿ ನೂಲಿನ ಸೀರೆಯನ್ನು ಕಣಕಾಲಿಗಿಂತ ಮೇಲೆ ಉಡುತ್ತಿದ್ದರು, ಕಾಲಿಗೆ ಕ್ಯಾನ್ವಾಸ್ ಶೂ. ಮೋಟು ಕೂದಲಿಗೆ ನಮ್ಮ ಹಾಗೆಯೇ ತೆಂಗಿನೆಣ್ಣೆ. ಯೋಚನೆ ಬಂದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುವರು, ಒರೆಸಿದ್ದನ್ನೇ ಒರೆಸುವರು. ಆಗ ಅವರ ಕಣ್ಣು ತೀರ ಚಿಕ್ಕದಾಗಿ, ದಣಿದ ಹುಡುಗಿಯ ಕಣ್ಣಿನ ಹಾಗೆ ಕಾಣುತ್ತಿತ್ತು.

ಅವರ ಜೀವವೆಲ್ಲ ಇದ್ದದ್ದು ಆಸ್ಪತ್ರೆಯ ಹಿಂದಿನ ಹಂಚಿನ ಕೊಟ್ಟಿಗೆಯಲ್ಲಿ. ಅಲ್ಲಿ ಹಳ್ಳಿಯ ಹುಡುಗಿಯರಿಗೆ ಹೆರಿಗೆ ಮಾಡಿಸುವ ಪಾಠ. ಏಲಿಯಮ್ಮ, ಕಬಕದ ಒಬ್ಬಳು ಬ್ಯಾರಿ ವಿಧವೆ, ಸುಳ್ಯದ ಕಡೆಯ ಗೌಡರ ಹುಡುಗಿ, ಇನ್ನೂ ಕೆಲವರು. ಅಡಿಕೆ ಹಾಳೆಯ ಮುಟ್ಟಾಳೆ, ನಮ್ಮ ಗಂಡಸರು ತೋಟಕ್ಕೆ ಹೋಗುವಾಗ ತಲೆಗಿಡುವ ಟೊಪ್ಪಿ, ಅದರ ನೆತ್ತಿಯನ್ನು ಕತ್ತರಿಸಿ, "ಇದು ತಾಯಿಯ ಸೊಂಟದ ಎಲುಬು" ಎಂದು ಹಿಡಿದು, ಬಟ್ಟೆಯ ಗೊಂಬೆಯನ್ನು ಅದರೊಳಗಿನಿಂದ ತಿರುಗಿಸಿ ಇಳಿಸಿ ತೋರಿಸುತ್ತಿದ್ದರು. ಹುಡುಗಿಯರು ಮೊದಲ ದಿನ ನಕ್ಕರು. "ನಗಿ," ಎಂದರು ಡಾಕ್ಟ್ರಮ್ಮ, "ಈಗಲೇ ನಕ್ಕು ಮುಗಿಸಿ." ಆಮೇಲೆ ಗೊಂಬೆಯನ್ನು ಅಡ್ಡಡ್ಡ ಇಟ್ಟು, "ಇದು ಇಳಿಯುವುದಿಲ್ಲ. ಇಡೀ ದಿನ ಒತ್ತಿ, ಇಳಿಯುವುದಿಲ್ಲ. ಹೀಗಿದ್ದರೆ ಆ ಕೂಡಲೇ ನನ್ನ ಹತ್ತಿರ ಕಳಿಸಬೇಕು" ಎಂದರು.

ನನ್ನೊಡನೆ ಒಮ್ಮೆ ಹೇಳಿದ್ದರು: "ನಾನೊಬ್ಬಳು ಎಷ್ಟು ಮನೆಗೆ ಓಡಲಿ? ಕಡಬದಲ್ಲಿ ಒಬ್ಬಳು, ಸುಳ್ಯದಲ್ಲಿ ಒಬ್ಬಳು, ಹೀಗೆ ಕೂತರೆ ನಾನು ನಾಳೆ ಸತ್ತರೂ ತೊಂದರೆಯಿಲ್ಲ."

ಆದರೆ ಆ ಪಾಠದ ಮೇಲೆ ಕತ್ತಿ ತೂಗುತ್ತಿತ್ತು. ಅದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಅಳಿಯಸಂತಾನದ ಕಟ್ಟು. ಹೆಣ್ಣು ಗಂಡನ ಮನೆಗೆ ಹೋದರೂ ಅವಳು ತಾಯಿಯ ಮನೆಯವಳೇ. ಅವಳ ವಿಷಯದಲ್ಲಿ ಕಡೆಯ ಮಾತು ತಾಯಿಯ ಅಣ್ಣನದ್ದು, ಅಂದರೆ ಮಾವನದ್ದು. ಗಂಡನದ್ದಲ್ಲ. ದೂರದಿಂದ ಬಂದವರಿಗೆ ಇದು ಹೇಗೆ ಗೊತ್ತಾಗಬೇಕು? ಡಾಕ್ಟ್ರಮ್ಮ ಬಂದ ಹೊಸತರಲ್ಲಿ ಗಂಡನನ್ನು ಕೇಳಿ ಒಬ್ಬಳಿಗೆ ಹೊಟ್ಟೆ ಕೊಯ್ದು ಮಗು ತೆಗೆದರು. ತಾಯಿ, ಮಗು ಇಬ್ಬರೂ ಉಳಿದರು. ಆದರೂ ಅವಳ ಮಾವಂದಿರು ಬಂದು ಜಗಲಿಯಲ್ಲಿ ನಿಂತು, ನಮ್ಮ ಹೆಣ್ಣಿಗೆ ಚಾಕು ಹಾಕಲು ಆ ಗಂಡ ಯಾರು, ನೀನು ಯಾರು ಎಂದು ಕೂಗಾಡಿದರು. ದೂರು ಮಂಗಳೂರಿಗೆ, ಮಿಷನ್ನಿನ ಕಮಿಟಿಗೆ ಹೋಯಿತು. ಹೆಣ್ಣಿನ ತಾಯಿಮನೆಯ ಯಜಮಾನನ ಒಪ್ಪಿಗೆ ಇಲ್ಲದೆ ಇನ್ನೊಮ್ಮೆ ಕೊಯ್ದರೆ ಪಾಠ ಮುಚ್ಚಿ ನಿಮ್ಮನ್ನು ವಾಪಸು ಕಳಿಸುತ್ತೇವೆ ಎಂದು ಕಮಿಟಿ ತೀರ್ಮಾನ ಮಾಡಿತು.

ನನ್ನ ನಾದಿನಿ ಸುನಂದ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದದ್ದು ಇದಾದ ಮೇಲೆ. ಹಪ್ಪಳದ ಆಸೆಯ ಹುಡುಗಿ. ನಾನು ಅಟ್ಟದಿಂದ ಹಲಸಿನ ಹಪ್ಪಳ ಇಳಿಸಿ ಕೆಂಡದಲ್ಲಿ ಸುಟ್ಟುಕೊಟ್ಟರೆ, ಅತ್ತೆಯ ಕಣ್ಣು ತಪ್ಪಿಸಿ ಸೆರಗಿನಲ್ಲಿಟ್ಟು ತಿನ್ನುತ್ತಿದ್ದಳು. ನೋವು ಶುರುವಾಗಿ ಒಂದು ದಿನವಾದರೂ ಹೆರಿಗೆಯಾಗಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟ್ರಮ್ಮ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ನಿಧಾನಕ್ಕೆ ಸರಿಸಿದರು. ಬಾಗಿಲ ಹತ್ತಿರ ನಿಂತಿದ್ದ ಏಲಿಯಮ್ಮನನ್ನು ನೋಡಿದರು. ಏಲಿಯಮ್ಮನೂ ನೋಡಿದಳು. ನನಗೆ ಆ ಮುಟ್ಟಾಳೆ, ಅಡ್ಡಕ್ಕೆ ಇಟ್ಟ ಗೊಂಬೆ ಕಣ್ಣಿಗೆ ಕಟ್ಟಿತು.

"ಮಗು ಅಡ್ಡ ಇದೆ. ಈಗ ಕೊಯ್ದರೆ ಇಬ್ಬರೂ ಉಳಿಯಬಹುದು. ಕಾದರೆ ಇಬ್ಬರೂ ಇಲ್ಲ. ಇವರಿಗೆ ಹೇಳು" ಎಂದರು.

ನಾನು ಹೇಳಿದೆ. ಸುನಂದನ ಗಂಡ ಗೋಡೆ ಹಿಡಿದುಕೊಂಡು, "ನಾನು ಹೇಳಿದರೆ ಆಗುದಿಲ್ಲ, ಡಾಕ್ಟ್ರಮ್ಮ. ಆಗುದಿದ್ದರೆ ಹೇಳ್ತಿರಲಿಲ್ಲವಾ?" ಎಂದ. ಅತ್ತೆ ಅಳುತ್ತಿರಲಿಲ್ಲ. "ಅಣ್ಣ ಬರಲಿ. ಅಣ್ಣನನ್ನು ಬಿಟ್ಟು ನಾನು ಇಂಥದ್ದು ಹೇಗೆ ಹೇಳುದು?" ಎಂದಷ್ಟೇ ಹೇಳಿದರು. ಅತ್ತೆಯ ಅಣ್ಣ ಇರುವುದು ಮಂಡೆಕೋಲಿನಲ್ಲಿ. ಸುಳ್ಯದವರೆಗೆ ಬಸ್ಸು, ಅಲ್ಲಿಂದ ಮುಂದೆ ನಡಿಗೆ. ನಮ್ಮವರು ಕೋರ್ಟಿನ ಕೋಟು ತೆಗೆಯದೆ ಹಾಗೆಯೇ ಬಸ್ಸಿಗೆ ಓಡಿದರು.

ಆ ಹಗಲು ಹೇಗೆ ಕಳೆಯಿತೆಂದು ಬರೆಯಲು ನನಗೆ ಕೈ ಬರುವುದಿಲ್ಲ. ಡಾಕ್ಟ್ರಮ್ಮ ಆಪರೇಶನ್ ಕೋಣೆಯಲ್ಲಿ ಎಲ್ಲ ಕುದಿಸಿ ಸಿದ್ಧ ಮಾಡಿಸಿದರು. ತಣ್ಣಗಾಯಿತೆಂದು ಮತ್ತೆ ಕುದಿಸಿದರು. ಕೈ ತೊಳೆದರು, ಸುನಂದನ ಪಕ್ಕಕ್ಕೆ ಬಂದು ಕೂತರು, ಎದ್ದು ಹೋಗಿ ಮತ್ತೆ ತೊಳೆದರು. ಕಿಟಕಿಯಿಂದ ಹಿಂದಿನ ಕೊಟ್ಟಿಗೆ ಕಾಣುತ್ತಿತ್ತು. ಹುಡುಗಿಯರು ಅಲ್ಲಿ ಕೂತಿದ್ದರು. ಡಾಕ್ಟ್ರಮ್ಮ ಅವರ ಕಡೆ ನೋಡುವುದು, ಸುನಂದನ ಕಡೆ ನೋಡುವುದು.

ಮಧ್ಯಾಹ್ನದ ಹೊತ್ತಿಗೆ ಸುನಂದ ನನ್ನ ಕೈ ಹಿಡಿದೆಳೆದಳು.

"ಅತ್ತಿಗೆ, ಕೊಯ್ಯಲಿಕ್ಕೆ ಹೇಳಿ."

"ಮಾವ ಬರ್ತಾರೆ, ಇನ್ನೇನು ಬಂದರು."

"ಮಾವನಿಗೆ ನೋವುಂಟಾ? ನನಗಲ್ಲವಾ ನೋವು? ನಾನು ಹೇಳ್ತಿದ್ದೇನೆ. ಕೊಯ್ಯಲಿ. ಅವರಿಗೆ ಹೇಳಿ ನೀವು."

ನಾನು ಡಾಕ್ಟ್ರಮ್ಮನಿಗೆ ಹೇಳಿದೆ. ಒಂದು ಮಾತೂ ಬಿಡದೆ, ಸಿಸ್ಟರುಗಳು ಕಲಿಸಿದ ಶುದ್ಧ ಇಂಗ್ಲಿಷಿನಲ್ಲಿ. ಅವರು ಕೇಳಿಸಿಕೊಂಡರು. ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ಅವಳ ಮಾತು ಕಮಿಟಿಗೆ ಸಾಲದು" ಎಂದರು, ಯಾರಿಗೋ ಪಾಠ ಒಪ್ಪಿಸಿದ ಹಾಗೆ. ಸುನಂದ ನನ್ನ ಮುಖ ನೋಡುತ್ತಿದ್ದಳು. ಅದನ್ನು ಅವಳಿಗೆ ತುಳುವಿನಲ್ಲಿ ಹೇಳುವ ಕೆಲಸವೂ ನನ್ನದೇ.

ಸಂಜೆ ಬಸ್ಸು ಬರುವ ಮೊದಲೇ ಸುನಂದ ಹೋದಳು. ಒಂದು ಸಲ ನೋವು ಫಕ್ಕನೆ ನಿಂತಿತು. "ಈಗ ಹಗುರ ಆಯ್ತು ಅತ್ತಿಗೆ" ಎಂದಳು. ನನಗೆ ಸಮಾಧಾನವಾಯಿತು. ಡಾಕ್ಟ್ರಮ್ಮ ಮಾತ್ರ ಓಡಿ ಬಂದರು, ಗರ್ಭ ಹರಿದಾಗಿನ ಹಗುರ ಅದೆಂದು ಅವರಿಗೆ ಗೊತ್ತಿತ್ತು. ಆಗ ಯಾರನ್ನೂ ಕೇಳದೆ ಕೋಣೆಗೆ ಎತ್ತಿಸಿಕೊಂಡು ಹೋದರು. ಚಾಕು ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಂಡೆಕೋಲಿನ ಮಾವ ಬಂದಾಗ ಜಗಲಿಯ ಕಂಬಕ್ಕೆ ಲಾಟೀನು ತೂಗುಹಾಕುತ್ತಿದ್ದರು. ದೊಡ್ಡ ಮೀಸೆಯ, ಕಡಿಮೆ ಮಾತಿನ ಮನುಷ್ಯ. ನಡೆದ ದೂಳು ಮೊಣಕಾಲವರೆಗೆ. ಎಲ್ಲವನ್ನೂ ಕೇಳಿ, ತಂಗಿಯನ್ನು ನೋಡಿ, ಆಮೇಲೆ ಡಾಕ್ಟ್ರಮ್ಮನ ಎದುರು ನಿಂತರು. ಬೈಯುತ್ತಾರೆಂದು ನಾವೆಲ್ಲ ಹೆದರಿದೆವು.

"ಇದಕ್ಕೆ ನನ್ನನ್ನು ಕಾದಿರಾ?" ಎಂದರು. "ಮಗುವನ್ನು ಉಳಿಸಲಿಕ್ಕೆ ನಾನು ಬೇಡ ಹೇಳ್ತಿದ್ದೆನಾ? ನನ್ನನ್ನು ಕೇಳುದು ಎಂತ ಉಂಟು ಇದರಲ್ಲಿ?"

ಅವರು ಮಗು ಎಂದದ್ದು ಸುನಂದನನ್ನು. ನಾನು ಇದನ್ನೂ ಇಂಗ್ಲಿಷಿಗೆ ಮಾಡಿ ಹೇಳಿದೆ.

ಡಾಕ್ಟ್ರಮ್ಮ ಅಲ್ಲೇ ಮೆಟ್ಟಿಲಲ್ಲಿ ಕೂತರು. ಆಮೇಲೆ ನನ್ನೊಬ್ಬಳಿಗೆ ಕೇಳುವಂತೆ ತಮ್ಮ ತಾಯಿಯ ವಿಷಯ ಹೇಳಿದರು. ತಮ್ಮನನ್ನು ಹೆತ್ತ ದಿನ ತಾಯಿಗೆ ರಕ್ತ ನಿಲ್ಲದೆ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರಂತೆ. ಕಪ್ಪು ಜನರನ್ನು ಒಳಗೆ ಬಿಡಬೇಕಾದರೆ ದೊಡ್ಡ ಡಾಕ್ಟರರ ಅಪ್ಪಣೆ ಬೇಕು, ಅವರು ಊಟಕ್ಕೆ ಹೋಗಿದ್ದಾರೆ ಎಂದು ಬಾಗಿಲಲ್ಲಿದ್ದ ನರ್ಸು ಹೇಳಿದಳಂತೆ. "ಕೆಟ್ಟವಳೇನಲ್ಲ. ನನಗೆ ಕುಡಿಯಲು ಹಾಲು ತಂದುಕೊಟ್ಟಳು. ಅಪ್ಪಣೆ ಬರಲಿ ಎಂದು ಕಾಯುತ್ತಿದ್ದಳು, ಅಷ್ಟೆ. ಅವಳನ್ನು ನಾನು ಇಷ್ಟು ವರ್ಷ ದ್ವೇಷಿಸಿದೆ." ಕಡೆಗೆ, "ಇವತ್ತು ನಾನು ಅವಳೇ" ಎಂದರು.

ನಾನು ಅವರ ಬೆನ್ನಿನ ಮೇಲೆ ಕೈ ಇಟ್ಟೆ. ಸೀರೆ ಬೆವರಿನಿಂದ ಒದ್ದೆಯಾಗಿತ್ತು.

ಊರಿನಲ್ಲಿ ಕತೆ ಬೇರೆಯಾಗಿ ಹಬ್ಬಿತು. ಕರಿ ಡಾಕ್ಟ್ರಮ್ಮ ಚಾಕು ಹಾಕಿ ಸುನಂದನನ್ನು ಕೊಂದಳು ಎಂದು. ಚಾಕು ಹಾಕದೆ ಕೊಂದದ್ದು ಎಂದು ಎಷ್ಟು ಜನರಿಗೆ ಹೇಳುವುದು? ಮರುವರ್ಷ ನಾನೇ ಬಸುರಿಯಾದಾಗ ಆಲಂಕಾರಿನ ನನ್ನ ಸ್ವಂತ ಮಾವ, ನನ್ನ ತಾಯಿಯ ಅಣ್ಣ, ಪುತ್ತೂರಿಗೆ ಬಂದು, ಕಾಫಿ ಸಹ ಕುಡಿಯದೆ, "ಹೆರಿಗೆ ಎಲ್ಲಿ ಬೇಕಾದರೂ ಆಗಲಿ. ಚಾಕು ಹಾಕುದು ಮಾತ್ರ ಬೇಡ. ಹೇಳಿದ್ದೇನೆ" ಎಂದು ಹೇಳಿ ಹೋದರು. ಅದನ್ನು ಆಸ್ಪತ್ರೆಗೂ ಹೋಗಿ ಹೇಳಿ ಬಂದರು.

ಡಾಕ್ಟ್ರಮ್ಮ ಆ ವರ್ಷ ಮಾತು ಕಡಿಮೆ ಮಾಡಿದ್ದರು. ಹುಡುಗಿಯರಿಗೆ ಪಾಠ ಹೇಳುವಾಗ ಮಾತ್ರ ಹಿಂದಿಗಿಂತ ಅವಸರ. ಹೇಳಿದ್ದನ್ನು ಅವರ ಬಾಯಿಂದ ಹೇಳಿಸುವುದು, ತಪ್ಪಿದರೆ ಸಿಡುಕುವುದು. ಏಲಿಯಮ್ಮ, "ಇವರಿಗೆ ಎಂತ ಬಸ್ಸು ತಪ್ಪುತ್ತಾ?" ಎಂದು ಗೊಣಗುತ್ತಿದ್ದಳು. ಪರೀಕ್ಷೆಗೆ ಇನ್ನು ಒಂದು ಬೇಸಗೆ ಮಾತ್ರ ಇತ್ತು. ಅದೊಂದು ದಾಟಿದರೆ ಹುಡುಗಿಯರ ಕೈಗೆ ಸರ್ಟಿಫಿಕೇಟು, ಊರೂರಿನಲ್ಲಿ ಕೆಲಸ.

ನನ್ನ ಮಗುವೂ ಇಳಿಯಲಿಲ್ಲ. ಅಡ್ಡವಿರಲಿಲ್ಲ, ಆದರೆ ದಾರಿ ಸಣ್ಣದು. ಬೆಳಗಿನಿಂದ ಬಿಸಿಲು ಏರುವವರೆಗೆ ನೋಡಿದ ಮೇಲೆ ಡಾಕ್ಟ್ರಮ್ಮ ಮಂಚದ ಅಂಚಿನಲ್ಲಿ ಕೂತು ನನ್ನ ಮುಖವನ್ನೇ ನೋಡಿದರು. ಹೊರಗೆ ಜಗಲಿಯಲ್ಲಿ ಅತ್ತೆ, ನಮ್ಮವರು, ಕಂಪೌಂಡರು. "ಆಲಂಕಾರಿಗೆ ಜನ ಕಳಿಸುದಾ?" ಎಂದು ಕಂಪೌಂಡರು ಬಾಗಿಲಲ್ಲಿ ಕೇಳಿದರು. ಅವರಿಗೂ ಗೊತ್ತಿತ್ತು, ಮಾವನ ಉತ್ತರ ಏನೆಂದು.

"ಬೇಡ" ಎಂದರು ಡಾಕ್ಟ್ರಮ್ಮ. ನನ್ನ ಕಡೆ ತಿರುಗಿ, "ಇವತ್ತು ನಮ್ಮಿಬ್ಬರ ನಡುವೆ ಮಾತು ದಾಟಿಸುವವರು ಯಾರೂ ಬೇಕಾಗಿಲ್ಲ. ನೀನೇ ಹೇಳು. ಕೊಯ್ಯಲೇ?" ಎಂದು ಕೇಳಿದರು.

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಓದಿಸುವಾಗ ಕೇಳಲಿಲ್ಲ, ಮದುವೆಗೆ ಕೇಳಲಿಲ್ಲ. ಹಿಂದಿನ ಕೊಟ್ಟಿಗೆಯಿಂದ ಹುಡುಗಿಯರು ಒಟ್ಟಾಗಿ ಓದಿ ಒಪ್ಪಿಸುವ ದನಿ ಕೇಳುತ್ತಿತ್ತು. ಅದು ನಿಲ್ಲುತ್ತದೆಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು "ಹೂಂ" ಎಂದೆ. ಇಂಗ್ಲಿಷು ಬಾಯಿಗೆ ಬರಲಿಲ್ಲ.

ಮಗಳು ಹುಟ್ಟಿದಳು. ಕಮಿಟಿಯವರು ಮಂಗಳೂರಿನಿಂದ ಬಂದು ಆಲಂಕಾರಿನ ಮಾವನನ್ನು ವಿಚಾರಿಸಿದರು. ಮಂಡೆಕೋಲಿನ ಮಾವ ತಾವಾಗಿಯೇ ಹೋಗಿ, ಈ ಹೆಂಗಸನ್ನು ಕಳಿಸಬೇಡಿ, ತಪ್ಪು ನಮ್ಮ ಕಡೆಯದ್ದು ಎಂದು ಹೇಳಿದರಂತೆ. "ನೀವು ಆ ಹುಡುಗಿಯ ಮಾವ ಅಲ್ಲವಲ್ಲ" ಎಂದು ಅವರನ್ನು ಕೂರಿಸಲೂ ಇಲ್ಲ. ನನ್ನನ್ನು ಯಾರೂ ಕೇಳಲು ಬರಲಿಲ್ಲ. ಕೊಟ್ಟಿಗೆಗೆ ಬೀಗ ಬಿತ್ತು. ಏಲಿಯಮ್ಮ ಊರಿಗೆ ಹೋಗುವ ಮೊದಲು ಮಗು ನೋಡಲು ಬಂದವಳು ಮಗುವನ್ನು ಎತ್ತಿಕೊಳ್ಳಲಿಲ್ಲ. "ನಿಮ್ಮ ಒಂದು ಹೂಂಗೆ ನಮ್ಮೆಲ್ಲರದ್ದೂ ಹೋಯ್ತಲ್ಲ ಅಕ್ಕ" ಎಂದಳು. ಸಿಟ್ಟಿನಿಂದ ಅಲ್ಲ, ಸುಸ್ತಿನಿಂದ. ಅವಳೊಬ್ಬಳು ಮುಂದೆ ಹೇಗೋ ಮಂಗಳೂರು ಸೇರಿ ನರ್ಸಾದಳು. ಗೌಡರ ಹುಡುಗಿಗೆ ಆ ವರ್ಷವೇ ಮದುವೆಯಾಯಿತು. ಕಬಕದವಳು ಬೀಡಿ ಕಟ್ಟುತ್ತಾಳೆ. ಕಡಬದಲ್ಲಿ, ಸುಳ್ಯದಲ್ಲಿ ಡಾಕ್ಟ್ರಮ್ಮ ಕೂರಿಸಬೇಕೆಂದಿದ್ದ ಜಾಗಗಳಲ್ಲಿ ಯಾರೂ ಕೂರಲಿಲ್ಲ. ಆಮೇಲೆ ಕಷ್ಟದ ಹೆರಿಗೆಗೆಲ್ಲ ಮಂಗಳೂರಿನ ದಾರಿಯೇ ಗತಿ. ಬಾಡಿಗೆ ಕಾರು ಸಿಕ್ಕಿದವರು ಹೋದರು. ಹೋದವರೆಲ್ಲ ವಾಪಸು ಬರಲಿಲ್ಲ.

ಡಾಕ್ಟ್ರಮ್ಮ ಹೊರಡುವ ದಿನ ನಾನಿನ್ನೂ ಹಸಿ ಬಾಣಂತಿ. ಹೊಸ್ತಿಲು ದಾಟಬಾರದು. ಅತ್ತೆ ನನ್ನನ್ನೊಮ್ಮೆ ನೋಡಿ, ಮಗುವಿಗೆ ಕುಲಾವಿ ಕಟ್ಟಿ, ನನ್ನ ಕಿವಿಗೆ ಬಟ್ಟೆ ಸುತ್ತಿ, "ನಾನೂ ಬರ್ತೇನೆ, ನಡಿ" ಎಂದರು. ಬಸ್ ಸ್ಟ್ಯಾಂಡಿನಲ್ಲಿ ಹಾರ ಹಿಡಿದವರು ಯಾರೂ ಇರಲಿಲ್ಲ. ಕಂಪೌಂಡರು ಟ್ರಂಕನ್ನು ಬಸ್ಸಿನ ಮೇಲಕ್ಕೆ ಹತ್ತಿಸುತ್ತಿದ್ದರು. ಡಾಕ್ಟ್ರಮ್ಮ ಮಗುವಿನ ಕುಲಾವಿ ಸರಿಸಿ ನೆತ್ತಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನನ್ನ ಕೆಳಗಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ಹೊರಗೆ ಹಾಕಿಸಿದರು.

"ನೀರು ಕುಡಿಯುತ್ತಿಲ್ಲವಾ ನೀನು?"

ನಮ್ಮಲ್ಲಿ ಬಾಣಂತಿಗೆ ನೀರು ಕೊಡುವುದಿಲ್ಲ. ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ. ನಾನು ಅತ್ತೆಯ ಕಡೆ ನೋಡಿದೆ.

ಅವರು ಚೀಲದಿಂದ ದಾರಿಗೆಂದು ತಂದ ಕುದಿಸಿದ ನೀರಿನ ಸೀಸೆ ತೆಗೆದು, ಬಿರಡೆ ಬಿಚ್ಚಿ ನನ್ನ ಕೈಗಿತ್ತರು. ಮಗುವನ್ನು ತಾವು ಎತ್ತಿಕೊಂಡರು. ಕಂಡಕ್ಟರ್ ಸೀಟಿ ಊದಿದ. ಡಾಕ್ಟ್ರಮ್ಮ ಅವನ ಕಡೆ ತಿರುಗಿ, ತಮಗೆ ಬರುವ ಅರೆಬರೆ ತುಳುವಿನಲ್ಲಿ ನಿಲ್ಲಲು ಹೇಳಿದರು. ಅವನು ಏನೋ ಹೇಳಹೊರಟವನು ಅವರ ಮುಖ ನೋಡಿ ಸೀಟಿಯನ್ನು ಬಾಯಿಂದ ತೆಗೆದ. ಬಸ್ಸಿನೊಳಗಿನ ಜನ ಕಿಟಕಿಯಿಂದ ನೋಡುತ್ತಿದ್ದರು. ನಾನು ನಿಂತಲ್ಲೇ ಕುಡಿದೆ, ಗಲ್ಲದಿಂದ ಎದೆಗೆ ಸುರಿಯಿತು. ಸಾಕು ಎಂದು ಕೆಳಗಿಳಿಸಿದರೆ ಅವರು ತಲೆ ಅಲ್ಲಾಡಿಸಿದರು. ಅತ್ತೆ ಬೇಡ ಎನ್ನಲಿಲ್ಲ. ಸೀಸೆ ಬರಿದಾದ ಮೇಲೆಯೇ ಅವರು ಮಗುವನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದ್ದು.